ಒಗೆದದ್ದು ಎರಡು, ಸಿಡಿದದ್ದು ಒಂದು

ಮಳೆಗಾಲದಲ್ಲಿ ಹಳ್ಳಕ್ಕೆ ಹೊಸ ನೀರು ಬಂದ ಮೇಲೆ ಎರಡು ತಿಂಗಳು ಯಾರೂ ಗಾಳ ಹಾಕಕೂಡದು. ಹುನಗುಂದದ ಸುತ್ತಲಿನ ಕೆರೆ ಹಳ್ಳಗಳಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರಿಗೆ ನಾವು ಕೊಡುತ್ತಿದ್ದ ಪಾಸಿನ ಹಿಂಬದಿಯಲ್ಲಿ ಈ ನಿಯಮ ದಪ್ಪ ಅಕ್ಷರದಲ್ಲಿತ್ತು. ಉಳಿದವೆಲ್ಲ ಸಣ್ಣ ಅಕ್ಷರದವು. ಒಬ್ಬರಿಗೆ ಎರಡೇ ಗಾಳ. ಗೇಣಿಗಿಂತ ಸಣ್ಣ ಮೀನು ಸಿಕ್ಕರೆ ಮತ್ತೆ ನೀರಿಗೆ ಬಿಡಬೇಕು. ವಿಷ, ಸಿಡಿಮದ್ದು ಬಳಸಿದರೆ ಶಿಕ್ಷೆ. ಎಪ್ಪತ್ತರ ದಶಕದ ಕೊನೆಯಲ್ಲಿ ಮೀನುಗಾರಿಕೆ ಇಲಾಖೆಯ ಕ್ಷೇತ್ರ ಸಹಾಯಕನಾಗಿ ಆ ಪಾಸು ಬರೆದುಕೊಡುವವನೂ ನಾನೇ, ನಿಯಮ ಮುರಿದವರನ್ನು ಹಿಡಿಯುವವನೂ ನಾನೇ. ಆಗ ನನಗೆ ಇಪ್ಪತ್ತಾರು ವರ್ಷ. ಅಚ್ಚಾದ ಅಕ್ಷರದ ಮೇಲೆ ಇದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ.

ಗುಡೂರಿನ ಆಚೆಯ ಗುಡ್ಡಗಳಿಂದ ಒಂದು ಹಳ್ಳ ಇಳಿದು ಕೆಳಗಿನ ಕೆರೆಗೆ ಸೇರುತ್ತದೆ. ನನಗಿಂತ ಮುಂಚೆ ಇದ್ದವರು ಆ ಕೆರೆಗೆ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದರು. ಅವು ಈಗ ತಾಯಿ ಮೀನುಗಳಾಗಿದ್ದವು. ಹೊಸ ನೀರಿನ ವಾಸನೆ ಹಿಡಿದು ಹೊಟ್ಟೆ ತುಂಬ ತತ್ತಿ ಹೊತ್ತು ಹಳ್ಳ ಏರಿ ಬರುತ್ತಿದ್ದವು. ಕೆರೆಯಿಂದ ಒಂದು ಮೈಲಿ ಮೇಲೆ, ಕೆಂಪು ಬಂಡೆಗಳ ನಡುವೆ ಒಂದು ಮಡುವಿದೆ. ಹದಿನೈದು ಮಾರು ಉದ್ದ, ದಂಡೆಯ ಹತ್ತಿರ ಸೊಂಟದ ಮಟ್ಟ, ನಡುವೆ ಎದೆಯ ಮಟ್ಟ ನೀರು. ಏರಿ ಬಂದ ಮೀನು ತಂಗುವುದು ಅಲ್ಲಿ. ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವುದೂ, ಸಂಜೆ ದನಗಳು ನೀರು ಕುಡಿಯುವುದೂ ಅಲ್ಲೇ.

ಅಲ್ಲಿಗೆ ಪ್ರತಿ ರವಿವಾರ ಒಬ್ಬ ಗಾಳಗಾರ ಬರುತ್ತಿದ್ದ. ಇಳಕಲ್ ಬಳಿಯ ಕಲ್ಲುಗಣಿಯೊಂದರಲ್ಲಿ ಬಂಡೆಗೆ ಮದ್ದು ಹಾಕಿ ಹಾರಿಸುವುದು ಅವನ ಕೆಲಸ. ನಲವತ್ತರ ಆಸುಪಾಸು. ಪಾಸಿನಲ್ಲಿ ಗುರುತಿನ ಜಾಗದಲ್ಲಿ ‘ಎಡಗೈಯ ಕೊನೆಯ ಎರಡು ಬೆರಳಿಲ್ಲ’ ಎಂದು ನಾನೇ ಬರೆದಿದ್ದೆ. ಒಂದೇ ಬಂಡೆಯ ಮೇಲೆ ಮುಂಜಾನೆಯಿಂದ ಸಂಜೆಯ ತನಕ ಕೂರುತ್ತಿದ್ದ. ಸಣ್ಣ ಮೀನು ಸಿಕ್ಕರೆ ನಾನು ನೋಡುತ್ತಿರಲಿ ಬಿಡಲಿ, ಗಾಳ ಬಿಡಿಸಿ ಮೆಲ್ಲಗೆ ನೀರಿಗೆ ಬಿಡುತ್ತಿದ್ದ. ನನ್ನ ತಾಲ್ಲೂಕಿನಲ್ಲಿ ನಿಯಮ ಪಾಲಿಸುತ್ತಿದ್ದ ಕೆಲವೇ ಜನರಲ್ಲಿ ಅವನೊಬ್ಬ.

ಆ ವರ್ಷ ಮಳೆ ಬೇಗ ಬಂತು. ಗಾಳ ಬಂದ್ ಆದ ಮೊದಲ ರವಿವಾರ ಅವನಿಗೆ ನಿಯಮ ಹೇಳಿ ವಾಪಸು ಕಳಿಸಿದೆ. ಎರಡನೆಯ ರವಿವಾರ ಮತ್ತೆ ಬಂದು ಅದೇ ಬಂಡೆಯ ಮೇಲೆ ಕೂತಿದ್ದ.

“ಸಾಹೇಬ್ರ, ನಮಗ ವಾರಕ್ಕೊಂದ ಸೂಟಿ. ಒಂದ ಗಾಳ ಹಾಕಿ ಕುಂತ್ರ ನಿಮ್ಮ ಮೀನು ಏನ ಕಡಿಮಿ ಆಗ್ತಾವ್ರಿ?” ಎಂದ.

“ದಪ್ಪ ಅಕ್ಷರದಾಗ ಬರದದ. ಓದಾಕ ಬರೂದಿಲ್ಲೇನು ನಿನಗ?”

ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಪಾಸಿಗೆ ಅವನು ಹೆಬ್ಬೆಟ್ಟು ಒತ್ತಿದ್ದು ನನ್ನ ಮೇಜಿನ ಮೇಲೆಯೇ. ಆದರೂ ಹಾಗೆ ಅಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದಾಗಲೇ ಅವನ ದಾರ ಕತ್ತರಿಸಿ, ಗಾಳದ ಕೋಲನ್ನು ಜಪ್ತಿ ಮಾಡಿಕೊಂಡೆ. ಅವನು ಎದ್ದು ಸೈಕಲ್ಲು ತಳ್ಳಿಕೊಂಡು ಹೋದ.

ಮೂರನೆಯ ರವಿವಾರ ಮುಂಜಾನೆ ನಾನು ಬಸ್ಸಿಳಿದು ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಮೋಡ ಕಟ್ಟಿತ್ತು. ಇದ್ದಕ್ಕಿದ್ದಂತೆ ಗುಡ್ಡದ ಕಡೆಯಿಂದ ದಡ್ ಎಂದು ಒಂದು ಸದ್ದು ಬಂತು. ಆ ಸೀಮೆಯಲ್ಲಿ ಮದ್ದಿನ ಸದ್ದು ಹೊಸದಲ್ಲ. ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು, ರವಿವಾರ ಗಣಿಗಳು ನಡೆಯುವುದಿಲ್ಲ. ಓಡಿದೆ.

ಮಡುವಿನ ಬಳಿ ಯಾರೂ ಇರಲಿಲ್ಲ. ನೀರು ಕಲಕಿ ರಾಡಿಯಾಗಿತ್ತು. ಅದರ ಮೇಲೆ ಬಿಳಿ ಹೊಟ್ಟೆಗಳು ಒಂದೊಂದಾಗಿ ತೇಲಿ ಬರುತ್ತಿದ್ದವು. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ನನಗೆ ಬಾಯಿಪಾಠ ಇತ್ತು. ಸತ್ತ ಮೀನನ್ನೆಲ್ಲ ಹೊರಗೆ ತೆಗೆಯಬೇಕು, ಜಾತಿ ಬೇರೆ ಮಾಡಬೇಕು, ಉದ್ದ ಅಳೆಯಬೇಕು, ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ ಬರೆಯಬೇಕು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ನೀರಿಗಿಳಿದೆ. ಮಡಚಿದ್ದು ದಂಡವಾಯಿತು. ಮೂರನೇ ಹೆಜ್ಜೆಗೆ ನೀರು ಸೊಂಟಕ್ಕೆ ಬಂತು. ಏಳೆಂಟು ಮೀನು ಹಿಡಿದು ದಂಡೆಗೆ ಎಸೆದಿದ್ದೆ. ನಡುವೆ ಒಂದು ದೊಡ್ಡ ಕಾಟ್ಲಾ ತೇಲುತ್ತಿತ್ತು. ಅದರತ್ತ ಹೊರಟೆ.

“ಸಾಹೇಬ್ರ! ನಿಂದರ್ರಿ! ಅಲ್ಲೇ ನಿಂದರ್ರಿ!”

ಮೇಲಿನ ದಿಬ್ಬದಿಂದ ಒಬ್ಬ ಮುದುಕ ಕಂಬಳಿ ಹಾರಾಡಿಸುತ್ತ ಓಡಿ ಬರುತ್ತಿದ್ದ. ಬೀರಪ್ಪ ದೇವರ ಒಕ್ಕಲಿನ ಕುರಿಗಾರ. ಮಳೆಗಾಲದಲ್ಲಿ ಆ ಗುಡ್ಡದಲ್ಲೇ ಕುರಿ ಹಟ್ಟಿ ಹಾಕುತ್ತಿದ್ದ. ದಂಡೆಯಿಂದ ದೂರದಲ್ಲೇ ನಿಂತು ಏದುಸಿರು ಬಿಡುತ್ತ ಹೇಳಿದ:

“ಎರಡು ಒಗದಾನ್ರಿ ಅಂವ. ನಾ ಕಣ್ಣಾರೆ ನೋಡೀನಿ. ಸಪ್ಪಳಾ ಒಂದ ಆತು.”

ನನಗೆ ಮೊದಲು ತಿಳಿಯಲಿಲ್ಲ. ಎಸೆದ ಮದ್ದು ಎರಡು, ಸಿಡಿದದ್ದು ಒಂದೇ ಎಂದು ತಿಳಿದಾಗ ಇದ್ದಲ್ಲೇ ನಿಂತೆ. ನೀರು ರಾಡಿ. ನನ್ನ ಮೊಣಕಾಲೇ ನನಗೆ ಕಾಣುತ್ತಿರಲಿಲ್ಲ. ಬಲ ಪಾದದ ಕೆಳಗೆ ಏನೋ ದುಂಡಗಿನದು ಒತ್ತುತ್ತಿತ್ತು. ಕಲ್ಲಿರಬಹುದು. ಕಲ್ಲಲ್ಲದೆಯೂ ಇರಬಹುದು. ಪಾದ ಎತ್ತಲು ಧೈರ್ಯವಿಲ್ಲ, ಊರಿ ನಿಲ್ಲಲೂ ಧೈರ್ಯವಿಲ್ಲ. ಕೈಯಲ್ಲಿದ್ದ ಮೀನು ಒಮ್ಮೆ ಒದರಿಕೊಂಡಿತು. 

“ಬಂದ ದಾರೀಲೇ ಹೊಳ್ಳಿ ಬರ್ರಿ. ಹೊಸಾ ಕಡೆ ಕಾಲ ಇಡಬ್ಯಾಡ್ರಿ. ನನ್ನ ಮಾರಿ ನೋಡ್ರಿ, ನೀರ ನೋಡಬ್ಯಾಡ್ರಿ,” ಎಂದ ಮುದುಕ.

ಹನ್ನೊಂದು ಹೆಜ್ಜೆ. ದಂಡೆಗೆ ಬಂದು ಕೂತೆ. 

“ಯಾರು ಅಂತ ಗೊತ್ತಾತೇನು, ಯಜ್ಜಾ?”

“ಬೆರಳ ಇಲ್ಲದಾಂವ. ಆ ಬಂಡಿಗಲ್ಲ ಮ್ಯಾಲ ಕುಂದರ್ತಿದ್ನಲ್ಲ, ಅಂವಾನ. ಎರಡನೇದು ಹಾರಲಿಲ್ಲ, ಅಂಜಿ ಸೈಕಲ್ ಹತ್ತಿ ಓಡಿದ.”

ಯೋಚಿಸಲು ಕೂತೆ. ಇಲಾಖೆಯ ಮೇಲಧಿಕಾರಿಗಳು ಬಾಗಲಕೋಟೆಯಲ್ಲಿ. ರವಿವಾರ ಆಫೀಸಿನ ಫೋನು ಎತ್ತುವವರಿಲ್ಲ. ಪೊಲೀಸರಿಗೆ ದೂರು ಕೊಟ್ಟರೆ ಬಂದಾರು, ಆದರೆ ನೀರಿನೊಳಗಿನ ಮದ್ದು ತೆಗೆಯುವವರು ಎಲ್ಲಿಂದ ಬರಬೇಕೋ, ಯಾವಾಗ ಬರಬೇಕೋ. ಊರಲ್ಲಿ ಡಂಗುರ ಸಾರಿಸಲೇ ಎಂದು ಕೇಳಿದೆ. ಮುದುಕ ತಲೆ ಅಲ್ಲಾಡಿಸಿದ. “ನೋಡಾಕ ಅಂತ ನೂರು ಮಂದಿ ಬರ್ತಾರ್ರಿ. ಮೀನ ತೇಲ್ಯಾವು ಅಂದ್ರ ಇನ್ನೂ ನೂರು ಮಂದಿ.” ಅರಿವೆ ಒಗೆಯಲು ಬರುವವರನ್ನು ತಾನು ತಡೆಯುತ್ತೇನೆ, ತನ್ನ ನಾಯಿಗಳನ್ನು ದಾಟಿ ಯಾರೂ ಬರುವುದಿಲ್ಲ ಎಂದ. ಆದರೆ ಸಂಜೆ ಎರಡೂ ದಂಡೆಗಳಿಂದ ದನ ಇಳಿಯುತ್ತವೆ. ನೀರಿನ ವಾಸನೆ ಹಿಡಿದ ಎಮ್ಮೆಗಳನ್ನು ಒಬ್ಬ ಮುದುಕ ತಡೆಯಲಾರ. ಅದಕ್ಕಿಂತ ಹೆಚ್ಚು ಅಂಜಿಕೆ ಮೋಡದ್ದು. ಮಳೆ ಬಿದ್ದು ಹಳ್ಳ ಬಂದರೆ ಆ ಮದ್ದು ಉರುಳಿಕೊಂಡು ಎಲ್ಲಿಗೆ ಹೋಗಿ ಕೂರುತ್ತದೋ ಯಾರಿಗೂ ಗೊತ್ತಾಗದು.

ಅದು ಏನು, ಹೇಗೆ ಕಟ್ಟಿದ್ದು ಎಂದು ಗೊತ್ತಿದ್ದವನು ಒಬ್ಬನೇ.

ರಸ್ತೆಯ ಚಹಾದಂಗಡಿಯವನ ಸೈಕಲ್ಲು ಕೇಳಿ ಪಡೆದೆ. ಇಳಕಲ್ಲಿಗೆ ಎರಡು ತಾಸಿನ ದಾರಿ. ಒದ್ದೆ ಬಟ್ಟೆಯಲ್ಲೇ ತುಳಿದೆ. ಗಣಿ ಕೆಲಸದವರ ಓಣಿಯಲ್ಲಿ ಅವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಒಳಗೆ ಮಗ್ಗದ ಸದ್ದು ಕೇಳಿಸುತ್ತಿತ್ತು. ನಾನು ಬಾಗಿಲಲ್ಲಿ ನಿಂತೊಡನೆ ಅದು ನಿಂತಿತು. ಅವನ ಹೆಂಡತಿ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ತಲೆಯೆತ್ತಿ, “ಮನ್ಯಾಗ ಇಲ್ರಿ ಅವ್ರು,” ಎಂದಳು. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಗಾಲಿಗೆ ಹಸಿ ಕೆಂಪು ಮಣ್ಣು ಮೆತ್ತಿತ್ತು.

“ಯಕ್ಕಾ, ನಾ ಹಿಡ್ಯಾಕ ಬಂದಿಲ್ಲ. ಒಂದು ಮದ್ದು ಹಾರದ ನೀರಾಗ ಉಳದದ. ಸಂಜೀಕ ದನಾ ಇಳೀತಾವು. ದನದ ಹಿಂದ ಮನಶ್ಯಾರು ಇರ್ತಾರ.”

ಅವಳ ಮುಖ ಬಿಳಿಚಿತು. ಗಂಡ ಏನು ಮಾಡಿ ಬಂದಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಒಳಕೋಣೆಯ ಕಡೆ ತಿರುಗಿ ಒಂದೇ ಮಾತು ಅಂದಳು: “ಕೇಳಿದ್ರೇನು?”

ಅವನು ಹೊರಗೆ ಬಂದ. ಕಣ್ಣು ಕೆಂಪಾಗಿದ್ದವು.

“ಗಾಳ ಬ್ಯಾಡ ಅಂದ್ರಿ,” ಎಂದ. “ಎಲ್ಲಾರ ಮುಂದ ಹಂಗ ಅಂದ್ರಿ. ಸಿಟ್ಟು ಬಂತು ಸಾಹೇಬ್ರ. ಗಣಿಯಿಂದ ಮೂರು ಮದ್ದಿನ ಕಡ್ಡಿ ತಂದೆ. ಮದ್ದು ಸಿಡಿಸೂ ಕೇಪಿನ ಬಾಯಿಗೆ ಸೋಪು ಮೆತ್ತಬೇಕಾಗಿತ್ತು, ಗಡಿಬಿಡಿಯಾಗ ಒಂದಕ್ಕ ಮೆತ್ತಲಿಲ್ಲ. ನೀರು ಹೊಕ್ಕು ಬತ್ತಿ ಆರೇದ.”

“ತಗಿಯಾಕ ಬರ್ತದೇನು?”

“ಮುಟ್ಟಂಗಿಲ್ರಿ. ಕೇಪು ಜೀವಂತ ಅದ. ಎಳದ್ರ ಕೈಯಾಗ ಹಾರ್ತದ.” ತನ್ನ ಎಡಗೈ ಎತ್ತಿ ತೋರಿಸಿದ. “ಹಿಂಗ ಹೋಗ್ಯಾವ ಇವು. ಅದರ ಮಗ್ಗಲಾಗ ಇನ್ನೊಂದ ಇಟ್ಟು ಎರಡೂ ಕೂಡಿಸಿ ಹಾರಸಬೇಕು. ಬ್ಯಾರೆ ದಾರಿ ಇಲ್ಲ.”

ಮಡುವಿನಲ್ಲಿ ಇನ್ನೂ ಮೀನಿದ್ದವು. ಮೊದಲ ಸ್ಫೋಟದ ಹೊಡೆತ ತಟ್ಟದೆ ಮೇಲಿನ ತುದಿಯ ಬಂಡೆಸಂದಿಯಲ್ಲಿ ಅಡಗಿದ್ದವು. ಅವನ್ನು ಕಾಯುವುದಕ್ಕೇ ನನಗೆ ಸಂಬಳ. ಅವನು ಹೇಳುತ್ತಿದ್ದುದು, ಗಾಳ ಕೂಡ ಹಾಕಬಾರದ ಕಾಲದಲ್ಲಿ ಅದೇ ಮಡುವಿಗೆ ನಾನೇ ನಿಂತು ಮದ್ದು ಇಡಿಸಬೇಕೆಂದು.

“ಆತು,” ಎಂದೆ.

“ಕೇಸು?” ಎಂದು ಕೇಳಿದವಳು ಹೆಂಡತಿ.

“ಹೆಸರು ಬರಿಯೂದಿಲ್ಲ.”

“ಆಣಿ ಮಾಡ್ರಿ.”

“ಸಂಗಮನಾಥನ ಆಣಿ.”

ಇನ್ನೊಬ್ಬರ ಮುಂದೆ ಹಾಗೆ ಆಣೆ ಮಾಡಿದ್ದು ಅದೇ ಮೊದಲು. ಸರಕಾರಿ ನೌಕರ ಮಾಡುವ ಮಾತಲ್ಲವೆಂದು ಬಾಯಿಂದ ಬಂದ ಮೇಲೆ ಹೊಳೆಯಿತು.

ಉಳಿದ ಒಂದು ಕಡ್ಡಿಯನ್ನು ಅವನು ಹಿತ್ತಲಿನ ಕಟ್ಟಿಗೆ ರಾಶಿಯಿಂದ ತೆಗೆದ. ಕಡ್ಡಿ ಮತ್ತು ಕೇಪು ಒಬ್ಬರ ಬಳಿಯೇ ಇರಬಾರದೆಂದು ಗಣಿಯ ಪದ್ಧತಿ. ಕಡ್ಡಿ ಅವನ ಚೀಲದಲ್ಲಿ. ಕೇಪು ನನಗೆ. ಬೀಡಿಯ ಅರ್ಧದಷ್ಟು ಉದ್ದದ ಹಿತ್ತಾಳೆ ಬಣ್ಣದ ನಳಿಗೆ. ಅವನ ಹೆಂಡತಿ ಅದನ್ನು ಅರಳೆಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಎರಡು ತಾಸು ಸೈಕಲ್ಲು ತುಳಿದೆ. ಹೋಗುವಾಗ ಕಾಣದಿದ್ದ ಗುಂಡಿಗಳೆಲ್ಲ ಬರುವಾಗ ಕಂಡವು. ಒಂದೊಂದು ಕುಲುಕಿಗೂ ಕೈ ಕಿಸೆಗೆ ಹೋಗುತ್ತಿತ್ತು. ಒಮ್ಮೆ ಸೈಕಲ್ಲು ಜಾರಿದಾಗ ಎರಡೂ ಕೈ ಬಿಟ್ಟು ಎದೆ ಹಿಡಿದುಕೊಂಡು ರಸ್ತೆಗೆ ಬಿದ್ದೆ. ಮುಂದೆ ಹೋಗುತ್ತಿದ್ದ ಅವನು ಓಡಿ ಬಂದು ಮೊದಲು ಕಿಸೆ ಮುಟ್ಟಿ ನೋಡಿದ. ಆಮೇಲೆ ನನ್ನ ಮೊಣಕೈಯ ರಕ್ತ ಒರೆಸಿದ.

ಮಡುವಿಗೆ ಮುಟ್ಟಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಮುದುಕ ಕಾಲುದಾರಿಗೆ ಅಡ್ಡಲಾಗಿ ಕುರಿ ಕೂಡಿಸಿ ಕೂತಿದ್ದ. ನೀರು ತಿಳಿಯಾಗಿತ್ತು. ಬಂಡೆಯ ಮೇಲೆ ಬೋರಲು ಮಲಗಿ ನೋಡಿದರೆ ತಳದಲ್ಲಿ ಕಲ್ಲಿಗೆ ಕಟ್ಟಿದ ಕಡ್ಡಿ, ಅದರಿಂದ ಎದ್ದು ನಿಂತ ಬಿಳಿ ಬತ್ತಿ ಕಾಣುತ್ತಿತ್ತು. ಮುಂಜಾನೆ ನಾನು ನಿಂತಿದ್ದ ಜಾಗದಿಂದ ಅದು ಎರಡು ಹೆಜ್ಜೆ ಮುಂದೆ. ಆ ಕಾಟ್ಲಾ ಇನ್ನೂ ಅದರ ಮೇಲೆಯೇ ತೇಲುತ್ತಿತ್ತು. ಇದನ್ನು ನಾನು ಅವನಿಗೆ ಹೇಳಲಿಲ್ಲ.

ಅವನು ಆತುರಪಡಲಿಲ್ಲ. ಎಂಟು ಗೇಣು ಬತ್ತಿ ಕತ್ತರಿಸಿದ. ಗೇಣಿಗೆ ಕಾಲು ನಿಮಿಷದ ಲೆಕ್ಕ. ಬತ್ತಿಯ ತುದಿಯನ್ನು ಕೇಪಿಗೆ ಸೇರಿಸಿ ಬಾಯಿಗೆ ಸೋಪು ಮೆತ್ತಿದ, ಅದರ ಮೇಲೆ ಗ್ರೀಸು. ಕಡ್ಡಿಯಲ್ಲಿ ಕಟ್ಟಿಗೆ ಮೊಳೆಯಿಂದ ತೂತು ಮಾಡಿ ಕೇಪು ಇಳಿಸಿದ. ಎಲ್ಲವನ್ನೂ ಉದ್ದ ಬಿದಿರಿನ ತುದಿಗೆ ಬಿಗಿದು, ಹಾರದೆ ಬಿದ್ದ ಕಡ್ಡಿಯ ಮಗ್ಗುಲಿಗೆ ಅಂಗುಲಂಗುಲವಾಗಿ ಇಳಿಬಿಟ್ಟ.  ಬಿದಿರನ್ನು ಮೇಲೆ ಎರಡು ಬಂಡೆಗಳ ಸಂದಿಯಲ್ಲಿ ಸಿಗಿಸಿ ಕಲ್ಲು ಹೇರಿದ. ಬತ್ತಿಯ ಇನ್ನೊಂದು ತುದಿ ನೀರಿನ ಮೇಲೆ, ಬಂಡೆಯಿಂದ ಕೈಗೆಟುಕುವಂತೆ ಇತ್ತು.

ಮೀನುಗಳನ್ನು ಮೇಲಿನ ತುದಿಯಿಂದ ಹೊರಡಿಸೋಣವೇ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಬಾಯಿ ಬಿಟ್ಟು ಹೇಳಿದರೆ ಅವನು ನೀರಿಗಿಳಿದಾನು ಎಂದು ಅಂಜಿ ಸುಮ್ಮನಾದೆ.

“ಹಚ್ಚಲ್ರಿ?”

“ಹಚ್ಚು.”

ಮೂವರೂ ದಿಬ್ಬದಾಚೆಯ ದೊಡ್ಡ ಬಂಡೆಯ ಮರೆಗೆ ಓಡಿದೆವು. ಅವನು ಬಾಯಲ್ಲಿ ಎಣಿಸುತ್ತಿದ್ದ. ನೂರಾಯಿತು. ನೂರಿಪ್ಪತ್ತಾಯಿತು. ಕಿವಿ ಮುಚ್ಚಿಕೊಂಡೆ. ನೂರೈವತ್ತು. ಇನ್ನೂರು.

ಸದ್ದಿಲ್ಲ.

“ಇದೂ ಕೈ ಕೊಡ್ತೇನು?” ಎಂದೆ. ಅವನ ಮುಖ ನೋಡಿದ ಮೇಲೆ ಆ ಪ್ರಶ್ನೆ ಕೇಳಬಾರದಿತ್ತು ಅನ್ನಿಸಿತು. ತುಟಿ ಒಣಗಿ ಬೆಳ್ಳಗಾಗಿದ್ದವು. ಬತ್ತಿ ಹಸಿಯಾಗಿದ್ದರೆ ನಿಧಾನಕ್ಕೆ ಉರಿಯುವುದುಂಟು, ಅರ್ಧ ತಾಸು ಯಾರೂ ಹತ್ತಿರ ಹೋಗಬಾರದು, ಗಣಿಯಲ್ಲಿ ಅದು ಕಟ್ಟುನಿಟ್ಟು ಎಂದ. ಸರಿ, ಕಾಯೋಣ ಎಂದೆ.

ಆಗ ಆಚೆ ದಂಡೆಯಿಂದ ದನದ ಗಂಟೆಗಳು ಕೇಳಿಸಿದವು.

ದಿನಕ್ಕಿಂತ ಬೇಗ ಬಂದಿದ್ದವು. ಮಳೆಯ ಮೋಡ ನೋಡಿ ಕಾಯುವವಳು ಬೇಗ ಹೊಡೆದುಕೊಂಡು ಹೊರಟಿದ್ದಳು. ಎಮ್ಮೆಗಳ ಹಿಂದೆ ಹಸಿರು ಸೀರೆಯ ಹೆಂಗಸೊಬ್ಬಳು ಕಂಡಳು. ಮುದುಕ ಕಂಬಳಿ ಬಿಸುಟು, ಮಡುವಿನಿಂದ ದೂರ ಕೆಳಗೆ ಹಳ್ಳ ದಾಟಿ, ನಾಯಿಗಳನ್ನು ಛೂ ಬಿಡುತ್ತ ಅತ್ತ ಓಡಿದ. ನಾಯಿಗಳು ಎಮ್ಮೆಗಳಿಗೆ ಅಡ್ಡ ನಿಂತು ಬೊಗಳಿದವು. ಎರಡು ನಿಂತವು, ಒಂದು ಅವನ್ನು ಲೆಕ್ಕಿಸದೆ ಇಳಿಜಾರಿಗೆ ಬಂತು. ಅದರ ಹಿಂದೆ ಆ ಹೆಂಗಸು, “ಯಾಕಲೇ ಮುದಕಾ, ನಾಯಿ ಬಿಡ್ತೀ?” ಎಂದು ಬೈಯುತ್ತ ಇಳಿಯುತ್ತಿದ್ದಳು.

ನನ್ನ ಪಕ್ಕದಲ್ಲಿದ್ದವನು ಎದ್ದ. “ನಾ ಬತ್ತಿ ಕಿತ್ತು ಬರ್ತೇನಿ.”

“ಹೋಗಂಗಿಲ್ಲ. ಅರ್ಧ ತಾಸು ಅಂತ ನೀನ ಹೇಳೀದಿ.”

“ಅಕಿ ಇಳ್ಯಾಕತ್ತಾಳ್ರಿ! ಇಟ್ಟಾಂವ ನಾ ಅದೇನಿ!”

ಅವನ ಅಂಗಿ ಹಿಡಿದೆ. ಅವನು ಕೊಸರಿದ. ಗಣಿಯಲ್ಲಿ ದುಡಿದ ಮೈ. ಅಂಗಿ ಹರಿದು ನನ್ನ ಕೈಯಲ್ಲಿ ಉಳಿಯಿತು. ನಾನು ಅವನ ಕಾಲಿಗೆ ಬಿದ್ದೆ. ನಿಜವಾಗಿ ಬಿದ್ದೆ. ಎರಡೂ ತೋಳಿನಿಂದ ಮೊಣಕಾಲು ತಬ್ಬಿಕೊಂಡೆ. ಇಬ್ಬರೂ ಮುಳ್ಳಿನ ಮೇಲೆ ಉರುಳಿದೆವು. ಅವನು ನನ್ನ ಹೆಗಲಿಗೆ ಗುದ್ದುತ್ತಿದ್ದ.

ಆಗ ನೆಲ ಎದ್ದು ಬಂದು ನಮ್ಮಿಬ್ಬರ ಎದೆಗೆ ಒದ್ದಿತು.

ಕಣ್ಣು ಬಿಟ್ಟಾಗ ನೀರು ಮಳೆಯಂತೆ ಮೈಮೇಲೆ ಬೀಳುತ್ತಿತ್ತು. ಆಮೇಲೆ ಕಲ್ಲಿನ ಚೂರು, ಬಿದಿರಿನ ಸೀಳು. ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ತೆವಳಿ ದಿಬ್ಬ ಏರಿ ನೋಡಿದೆ. ಎಮ್ಮೆ ತಿರುಗಿ ಬಾಲ ಎತ್ತಿ ಓಡುತ್ತಿತ್ತು. ಇಳಿಜಾರಿನ ಅರ್ಧಕ್ಕೆ ಆ ಹೆಂಗಸು ಸೆರಗಿನಲ್ಲಿ ತಲೆ ಮುಚ್ಚಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮುದುಕ ಅವಳ ಮುಂದೆ ಕೈ ಅಗಲಿಸಿ ನಿಂತಿದ್ದ. ಅವಳು ತಲೆ ಎತ್ತಿದಳು. ಮತ್ತೆ ಬೈಯಲು ಶುರುಮಾಡಿದಳು. ಕೇಳಿಸದಿದ್ದರೂ ಬಾಯಿಯ ಆಟದಿಂದ ತಿಳಿಯಿತು. ಅಷ್ಟು ಸಮಾಧಾನ ನನಗೆ ಬೇರೆ ಯಾವ ಮಾತಿನಿಂದಲೂ ಆಗಿಲ್ಲ.

ಎರಡೂ ಹಾರಿದವೋ, ಒಂದೇ ಹಾರಿತೋ? ನೀರು ಎದ್ದ ಎತ್ತರ ನೋಡಿ ಎರಡೂ ಕೂಡಿಯೇ ಹೋಗಿವೆ ಎಂದ ಅವನು. ಆದರೂ ಅರ್ಧ ತಾಸು ಕಳೆದು, ರಾಡಿ ಇಳಿದ ಮೇಲೆ, ಬಂಡೆಯ ಮೇಲಿಂದ ನೋಡಿ ತೃಪ್ತಿಯಾಗದೆ ತಾನೇ ನೀರಿಗಿಳಿದ. ಒಂದೊಂದು ಹೆಜ್ಜೆಗೂ ಕಾಲಿನಿಂದ ತಡವಿ, ಬಗ್ಗಿ ಕೈಯಿಂದ ತಡವಿ, ಈ ತುದಿಯಿಂದ ಆ ತುದಿಗೆ. ನಾನೂ ಅವನ ಪಕ್ಕದಲ್ಲಿ ಇಳಿದೆ. ಧೈರ್ಯದಿಂದಲ್ಲ. ದಂಡೆಯಲ್ಲಿ ನಿಂತು ನೋಡುವುದು ಇಳಿಯುವುದಕ್ಕಿಂತ ಹೆದರಿಕೆಯಾಗಿತ್ತು. ತಳದಲ್ಲಿ ಹೊಸದಾಗಿ ಒಡೆದ ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಮೀನು ತೆಗೆದೆವು. ಜಾತಿ ಬೇರೆ ಮಾಡಿ ಬಂಡೆಯ ಮೇಲೆ ಸಾಲಾಗಿ ಇಟ್ಟೆವು. ನಾನು ಅಳತೆ ಹಿಡಿದೆ, ಅವನು ಒಂದೊಂದನ್ನೇ ಎತ್ತಿ ಕೊಟ್ಟ. ಮೂವತ್ತನಾಲ್ಕು ತಾಯಿ ಮೀನು. ಒಂದರ ಹೊಟ್ಟೆ ಒಡೆದು ತತ್ತಿ ಅವನ ಅಂಗೈ ತುಂಬ ಇಳಿಯಿತು. ಅವನು ಅದನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಮರುದಿನ ಹುನಗುಂದದ ಆಫೀಸಿನಲ್ಲಿ ಕೂತು ವರದಿ ಬರೆದೆ. ಮೊದಲ ಸ್ಫೋಟ ಮಾಡಿದವರು ಅಪರಿಚಿತರು ಎಂದು ಬರೆದೆ. ಎರಡನೆಯದು ನನ್ನ ಆದೇಶದಂತೆ ಎಂದು ಬರೆದೆ. ಮೊದಲ ವಾಕ್ಯ ಸುಳ್ಳು. ಎರಡನೆಯದು ನಿಜ, ಆದರೆ ನನ್ನ ನೌಕರಿಗೆ ಮುಳುವು. ಅದನ್ನು ಅಂಚೆಗೆ ಹಾಕಲು ಎರಡು ದಿನ ಕೈ ಬರಲಿಲ್ಲ. ಬಾಗಿಲಲ್ಲಿ ಯಾರು ನಿಂತರೂ ವಿಚಾರಣೆಗೆ ಬಂದವರೇ ಎಂದು ತಲೆಯೆತ್ತಿ ನೋಡುತ್ತಿದ್ದೆ.

ಬುಧವಾರ ಬಾಗಿಲಲ್ಲಿ ನಿಂತವನು ಅವನು. ಹಿಂದೆ ಅವನ ಹೆಂಡತಿ.

“ನನ್ನ ಹೆಸರ ಬರೀರಿ,” ಎಂದ.

“ಆಣಿ ಮಾಡೀನಿ.”

“ಆಣಿ ಮಾಡಿಸಿದಾಕಿ ನಾ,” ಎಂದಳು ಅವಳು. “ಬಿಡಸಾಕ ಬಂದೀನ್ರಿ. ಮೂರು ದಿನಾ ಆತು, ಊಟಕ್ಕ ಕುಂತ್ರ ತಾಟು ಮುಟ್ಟೂದಿಲ್ಲ. ಯಾರೂ ಬೈಲಿಲ್ಲ, ಯಾರೂ ಹಿಡೀಲಿಲ್ಲ ಅಂತ ಒಂದ ಮಾತು.”

ಅವನು ನೆಲ ನೋಡುತ್ತ ಹೇಳಿದ: “ಓಣ್ಯಾಗ ಆಗಲೇ ಮಾತು ಹಬ್ಬೇದರಿ. ಒಗದ್ನಂತ, ಏನೂ ಆಗಲಿಲ್ಲಂತ ಅಂತಾರ. ಮುಂದಿನ ರವಿವಾರ ಇನ್ನೊಬ್ಬಾಂವ ಒಗೀತಾನ. ಅಂವಗ ಸೋಪು ಮೆತ್ತೂದೂ ಗೊತ್ತಿರೂದಿಲ್ಲ.”

ಹಳೆಯ ವರದಿ ಹರಿದು ಹೊಸದನ್ನು ಬರೆದು, ಅವನಿಗೆ ಓದಿ ಹೇಳಿದೆ. ಪ್ರತಿ ವಾಕ್ಯಕ್ಕೂ ತಲೆ ಹಾಕಿದ. ಅವನನ್ನು ಎಲ್ಲರ ಮುಂದೆ ಅವಮಾನ ಮಾಡಿದೆ ಎಂಬುದನ್ನೂ ಬರೆದಿದ್ದೆ. ಅದನ್ನು ಓದುವಾಗ ಮಾತ್ರ ಅವನು ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಹೆಬ್ಬೆಟ್ಟು ಒತ್ತಿದ.

ಹುನಗುಂದದ ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ಉಳಿದ ಮದ್ದನ್ನು ತಾನೇ ಬಂದು ನಾಶ ಮಾಡಿದನೆಂದು ನಾನು, ಕುರಿಗಾರ ಇಬ್ಬರೂ ಹೇಳಿದ್ದರಿಂದ ಶಿಕ್ಷೆ ಹಗುರಾಯಿತು. ಮದ್ದು ಹಾರಿಸುವ ಕೆಲಸ ಹೋಯಿತು. ಹೆಂಡತಿಯ ಪಕ್ಕದಲ್ಲಿ ಇನ್ನೊಂದು ಮಗ್ಗ ಹೂಡಿಕೊಂಡ ಎಂದು ಕೇಳಿದೆ. ಆ ಮಳೆಗಾಲ ಮುಗಿಯುವ ತನಕ ನನ್ನ ತಾಲ್ಲೂಕಿನ ಯಾವ ಹಳ್ಳದಲ್ಲೂ ಮದ್ದು ಸಿಡಿಯಲಿಲ್ಲ.

ನನಗೆ ಬಾಗಲಕೋಟೆಯಿಂದ ಒಂದು ಮೆಮೋ ಬಂತು. ನಿಷೇಧದ ಅವಧಿಯಲ್ಲಿ, ರಕ್ಷಿತ ಮಡುವಿನಲ್ಲಿ, ಯಾವ ನಿಯಮದ ಅಡಿಯಲ್ಲಿ ಸ್ಫೋಟಕ್ಕೆ ಅನುಮತಿ ಕೊಟ್ಟಿರಿ, ಮೂರು ದಿನಗಳೊಳಗೆ ವಿವರಿಸಿ ಎಂದಿತ್ತು. ನಿಯಮಗಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿದೆ. ಎರಡು ದಿನ ನಾಲ್ಕಾರು ಹಾಳೆ ಬರೆದು ಹರಿದೆ. ಮೂರನೆಯ ದಿನ ಅಂಚೆ ಹೋಗುವ ಹೊತ್ತಿಗೆ ಎರಡೇ ಸಾಲು ಬರೆದು ಸಹಿ ಹಾಕಿದೆ:

‘ಯಾವ ನಿಯಮದ ಅಡಿಯಲ್ಲಿಯೂ ಅಲ್ಲ. ಸಂಜೆಯಾಗುತ್ತಿತ್ತು, ದನಗಳು ನೀರಿಗೆ ಬರುವುದಿತ್ತು.’